ಎಳ್ಳಿನಷ್ಟು ಡಿಸ್ಪ್ರೋಸಿಯಂ

ಏಳನೇ ವರ್ಷವೂ ಪಿಎಚ್‌ಡಿ ಮುಗಿಯದ ಕಾರಣ ಅವನಿಗೆ ‘ಏಳರಾಟ’ ಎಂದೇ ಹೆಸರು ಬಿದ್ದಿತ್ತು. ಪಾಪ, ದಡ್ಡನೇನಲ್ಲ. ಡಿಸ್ಪ್ರೋಸಿಯಂ ಎಂಬ ವಿರಳ ಲೋಹ ಬೆರೆಸಿ ಅವನೇ ತಯಾರಿಸಿದ ಚೂರು ಕಡು ತಣ್ಣಗಾದಾಗ ಅಯಸ್ಕಾಂತವಾಗುತ್ತದೆಂದು ತೋರಿಸಿಬಿಟ್ಟರೆ ಪ್ರಬಂಧ ಮುಗಿದಂತೆ. ಅದಕ್ಕೆ ಬೇಕಾದ ದೈತ್ಯ ಎಕ್ಸ್-ರೇ ಯಂತ್ರ, ಒಂದೂವರೆ ವರ್ಷ ಕಾದ ಮೇಲೆ, ಇವತ್ತೊಂದು ದಿನ ಸಂಜೆ ಆರರವರೆಗೆ ಅವನ ಪಾಲಿಗೆ ಬಂದಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಎಳ್ಳಿನಷ್ಟಿದ್ದ ಚೂರನ್ನು ಚಿಮುಟದಲ್ಲಿ ಎತ್ತಿದ. ಸೀನಿದ.

ಚೂರು ಮಾಯ!

“ಯಾರೂ ಅಲ್ಲಾಡ್ಬೇಡಿ, ತುಳಿದುಬಿಟ್ಟೀರಿ!” ಎಂದು ಕೂಗುತ್ತಾ ಪಕ್ಕದ ಯಂತ್ರದ ವಿಜ್ಞಾನಿ, ಎಲ್ಲರ ಬಾಯಲ್ಲೂ ‘ಅಕ್ಕ’, ಓಡಿಬಂದಳು. ಕರೆಯದಿದ್ದರೂ ಬರುವುದು ಅವಳ ಗುಣ. ಇಬ್ಬರೂ ಮಧ್ಯಾಹ್ನದವರೆಗೆ ನೆಲದ ಮೇಲೆ ಅಂಬೆಗಾಲಿಟ್ಟರು. ಮಂಡಿ ಉಜ್ಜಿಹೋಯಿತೇ ಹೊರತು ಚೂರು ಸಿಗಲಿಲ್ಲ.

“ಅಲ್ಲ ಕಣೋ, ನಿಂದು ಅಯಸ್ಕಾಂತದ ಸಾಮಾನು ತಾನೇ? ಅಯಸ್ಕಾಂತ ಹಿಡಿದೇ ಹುಡುಕೋಣ!” ಎಂದು ಅಕ್ಕ ದಾರಕ್ಕೆ ಅಯಸ್ಕಾಂತ ಕಟ್ಟಿ ಮೇಜಿನಡಿ ಆಡಿಸಿದಳು. ಕಪ್ಪು ಚೂರೊಂದು ಟಕ್ಕನೆ ಅಂಟಿತು. ಅವನು ಅವಳ ಕಾಲಿಗೆ ಬೀಳುವುದೊಂದು ಬಾಕಿ.

ಎಡಕ್ಕೆ ಸುತ್ತುವ ಎಕ್ಸ್-ರೇ ಒಮ್ಮೆ, ಬಲಕ್ಕೆ ಸುತ್ತುವುದು ಇನ್ನೊಮ್ಮೆ ಹಾಯಿಸಿ ಚೂರು ಎಷ್ಟೆಷ್ಟು ಹೀರಿತೆಂದು ನೋಡಬೇಕು. ಎರಡಕ್ಕೂ ವ್ಯತ್ಯಾಸ ಬಂದರೆ ಅಯಸ್ಕಾಂತವೇ ಸರಿ. ಐದು ಗಂಟೆಗೆ ಗ್ರಾಫಿನಲ್ಲಿ ವ್ಯತ್ಯಾಸ ಗುಡ್ಡದಂತೆ ಎದ್ದಿತು. ಅವನ ಕಣ್ಣಲ್ಲಿ ನೀರೇ ಬಂತು. ಮೇಷ್ಟ್ರಿಗೆ ಫೋನ್ ಮಾಡಿದ.

“ಶಭಾಷ್! ಎಷ್ಟು ತಣ್ಣಗೆ ಮಾಡಿದ್ದೆ?”

“ತಣ್ಣಗೆ ಮಾಡೋಕ್ಕೆ ಮುಂಚೆನೇ ಬಂದುಬಿಡ್ತು ಸರ್!”

“ಮಹಾರಾಯ, ಬೆಚ್ಚಗಿರುವಾಗ ಆ ಚೂರು ಅಯಸ್ಕಾಂತಕ್ಕೆ ಅಂಟೋದೇ ಇಲ್ಲ ಅಂತ ಹೋದ ವರ್ಷ ನೀನೇ ಬರ್ದಿದ್ದೆಯಲ್ಲೋ! ಇದ್ಯಾವುದನ್ನ ಅಳೆದೆ?”

“ಹಾಗಾದ್ರೆ ಇದು ನನ್ನ ಚೂರೇ ಅಲ್ಲ!” ಎಂದು ಅವನು ಕೂಗಿದ. ಹಿಂದೆ ನಿಂತು ಗ್ರಾಫನ್ನು ಇಣುಕಿ ನೋಡುತ್ತಿದ್ದ ಅಕ್ಕ ಬಾಯಿ ಮೇಲೆ ಕೈ ಇಟ್ಟುಕೊಂಡಳು.

“ಅಯ್ಯೋ! ನಾವು ಮಾಡೋ ಮೋಟಾರಿನ ಅಯಸ್ಕಾಂತಕ್ಕೂ ಡಿಸ್ಪ್ರೋಸಿಯಂ ಬೆರೆಸ್ತೀವಿ ಕಣೋ. ಮೊನ್ನೆ ಅದರದ್ದೊಂದು ಚೂರು ಇಲ್ಲೇ ಎಲ್ಲೋ ಬಿದ್ದುಹೋಗಿತ್ತು!”

ಆರು ಹೊಡೆಯಿತು. ಮುಂದಿನ ಸರದಿಯವರು ಪೆಟ್ಟಿಗೆ ಹೊತ್ತು ಒಳಗೆ ಬಂದೇಬಿಟ್ಟರು. ಅವನು ಎದ್ದು ಕುರ್ಚಿ ಬಿಟ್ಟುಕೊಟ್ಟ.

ಅಕ್ಕನಿಗೆ ನಿಜಕ್ಕೂ ಪಾಪ ಎನಿಸಿತು. ಅವನ ಬೆನ್ನು ಸವರಿ, ಗ್ರಾಫನ್ನು ಜೋಪಾನವಾಗಿ ಮಡಚಿಕೊಳ್ಳುತ್ತಾ ಹೇಳಿದಳು: “ಬೇಜಾರು ಮಾಡ್ಕೋಬೇಡ ಕಣೋ, ನೀನು ಪಟ್ಟ ಶ್ರಮ ದಂಡವಾಗ್ಲಿಲ್ಲ. ನನ್ನ ಶಿಷ್ಯೆಯ ಪಿಎಚ್‌ಡಿ ಈ ಅಯಸ್ಕಾಂತದ ಇದೊಂದೇ ಗ್ರಾಫಿಗೆ ನಿಂತಿತ್ತು. ಮುಗೀತು ನೋಡು!”