ಇಂಗ್ಲೆಂಡಿನಿಂದ ಬಂದ ಸೋಡಚೀಟಿ

ನಾನು ನೌಕರಿಗೆ ಸೇರಿದ ಸಂಸ್ಥೆ ಎರಡು ಮೂರು ವರ್ಷದಲ್ಲಿ ಬಾಗಿಲು ಹಾಕುತ್ತದೆ ಎಂಬುದು ನನ್ನ ಹೆಂಡತಿಯ ಅನುಭವದ ಮಾತು. ಟೈಪಿಂಗ್ ಶಾಲೆ ಆಯಿತು, ಹೊಲಿಗೆ ಶಾಲೆ ಆಯಿತು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದ ಸರದಿ ಬಂತು.

ಅದರ ಬೆಳಗಾವಿ ಕೇಂದ್ರ ಇದ್ದದ್ದು ಟಿಳಕವಾಡಿಯ ಕುಂದಾ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ. ವ್ಯವಸ್ಥಾಪಕ, ಗುಮಾಸ್ತ, ಕಸ ಹೊಡೆಯುವವ, ಎಲ್ಲ ನಾನೇ. ಪ್ರತಿ ಭಾನುವಾರ ಪಾಠ. ನೌಕರಿ ಬಿಡದೆ ಮೂರು ವರ್ಷಕ್ಕೆ ವಿಲಾಯತಿ ಪದವಿ.

ಫ್ಯಾಕ್ಸ್

ನಮ್ಮಲ್ಲಿ ಫ್ಯಾಕ್ಸ್ ಯಂತ್ರವಿರಲಿಲ್ಲ. ಎದುರಿನ ಎಸ್‌ಟಿಡಿ ಬೂತಿಗೆ ಬರುತ್ತಿತ್ತು. ಒಂದು ಸೋಮವಾರ ಬೂತಿನವನು ಕಾಗದ ಹಿಡಿದು ಮೆಟ್ಟಿಲು ಹತ್ತಿ ಬಂದ.

"ಸರ, ನೀವು ಬಂದ್ ಆಗೀರಂತ" ಎಂದ.

ಓಣಿಗೆಲ್ಲ ಓದಿ ಹೇಳಿಯೇ ಮೇಲೆ ಬಂದಿದ್ದ. ಹೊರದೇಶಗಳಲ್ಲಿ ನಡೆಸುವ ಎಲ್ಲ ಪದವಿಗಳನ್ನೂ ಇಂದಿನಿಂದಲೇ ನಿಲ್ಲಿಸಲಾಗಿದೆ ಎಂದು ಮೂರು ಸಾಲು. ನಾಲ್ಕನೆಯ ಸಾಲಿನಲ್ಲಿ, ವಿದ್ಯಾರ್ಥಿಗಳಿಗೆ ಸಮಾಧಾನ ಬೇಕಿದ್ದರೆ ಸ್ಥಳೀಯ ಕೇಂದ್ರದ ಮುಖ್ಯಸ್ಥರನ್ನು ಕಾಣಬೇಕು ಎಂದಿತ್ತು. ನಾನೂ ಸಮಾಧಾನಕ್ಕೆ ಯಾರನ್ನು ಕಾಣಬೇಕೆಂದು ನೋಡಿದೆ. ಆ ಮುಖ್ಯಸ್ಥ ನಾನೇ ಆಗಿದ್ದೆ.

ಮಾತಾಡಿಸಲು ಬಂದವರು

ವಿದ್ಯಾರ್ಥಿಗಳಲ್ಲಿ ಖಾನಾಪುರ ಕಡೆಯ ಒಬ್ಬ ಹುಡುಗನಿದ್ದ. ಉದ್ಯಮಬಾಗದ ಫೌಂಡ್ರಿಯಲ್ಲಿ ಅಚ್ಚು ಕಟ್ಟುವ ಕೆಲಸ. ಪದವಿ ತಂದರೆ ಸೂಪರ್‌ವೈಸರ್ ಮಾಡುತ್ತೇನೆಂದು ಮಾಲಕರು ಮಾತು ಕೊಟ್ಟಿದ್ದರು. ಎರಡು ವರ್ಷ ಒಂದು ಭಾನುವಾರವನ್ನೂ ತಪ್ಪಿಸಿರಲಿಲ್ಲ. ಸುದ್ದಿ ಕೇಳಿ ಎದ್ದು ಹೋದ. ಅವನನ್ನು ಆಸೆ ಹಚ್ಚಿ ಸೇರಿಸಿದವನು ನಾನು. ಎರಡು ದಿನ ನನಗೆ ಊಟ ಸೇರಲಿಲ್ಲ.

ಮೂರನೆಯ ದಿನ ಅವನ ಸೋದರಮಾವ ಬಂದರು, ಊರಿನ ಹಿರಿಯರು, ಬಿಳಿ ರುಮಾಲು. ನಮ್ಮ ಕಡೆ ಸಾವಾದ ಮನೆಗೆ ಮಾತಾಡಿಸಲು ಹೋದವರು ನಮಸ್ಕಾರ ಮಾಡುವುದಿಲ್ಲ, ಚಹಾ ಮುಟ್ಟುವುದಿಲ್ಲ. ಇವರೂ ನಮಸ್ಕಾರವಿಲ್ಲದೆ ಬಂದು ಕುಳಿತರು. ಚಹಾ ತರಿಸಲೇ ಎಂದರೆ ಕೈ ಅಡ್ಡ ಮಾಡಿದರು.

"ವಿದ್ಯಾಪೀಠಕ್ಕ ವಯಸ್ಸೆಷ್ಟಾಗಿತ್ರಿ?" ಎಂದು ಕೇಳಿದರು.

ಮಾಹಿತಿ ಪುಸ್ತಕ ತಿರುವಿ ಹೇಳಿದೆ, "ನೂರಾ ಅರವತ್ತರ ಮ್ಯಾಲರಿ."

"ಹಂಗಾರ ತುಂಬಿದ ಬಾಳು. ಸಮಾಧಾನ ಮಾಡ್ಕೋರಿ" ಎಂದರು.

ಆ ಕಡೆಯವರು

"ಅದು ಸತ್ತಿಲ್ರಿ. ತನ್ನ ಊರಾಗ ಆರಾಮ ಐತಿ. ನಮ್ಮ ಸಂಬಂಧ ಅಷ್ಟ ಕಡಕೊಂಡೈತಿ" ಎಂದೆ.

ಮಾವ ಸೆಟೆದು ಕುಳಿತರು.

"ಹಂಗಾರ ಚಾ ತರಸ್ರಿ. ಇದು ಸಾವಲ್ಲ, ಸೋಡಚೀಟಿ."

ಗಂಡಹೆಂಡಿರು ಬೇರೆಯಾಗುವಾಗ ಕೊಡುವ ಕಾಗದಕ್ಕೆ ಆ ಹೆಸರು. ಅದನ್ನು ಹಿರಿಯರ ಪಂಚಾಯಿತಿ ಇಲ್ಲದೆ ಕೊಡುವಂತಿಲ್ಲ. ಮುಂದಿನ ಭಾನುವಾರ ಮಾವ ನಾಲ್ವರು ಪಂಚರೊಂದಿಗೆ ಬಂದು ಜಮಖಾನೆ ಹಾಸಿದರು. ಹುಡುಗನನ್ನು ಒಂದು ಬಾಜು ಕೂರಿಸಿ, ಎದುರು ಬಾಜು ಇಂಗ್ಲೆಂಡಿನವರ ಜಾಗದಲ್ಲಿ ನನ್ನನ್ನು ಕೂರಿಸಿದರು.

"ನಮ್ಮ ಹುಡುಗನ ನಡತಿ ಹೆಂಗಿತ್ತು?" ಎಂದು ಮಾವ ನನ್ನನ್ನು ಕೇಳಿದರು.

"ಚಲೋ ಇತ್ರಿ."

"ಎರಡ ವರ್ಷ ನೆಟ್ಟಗ ಬಾಳೇವು ಮಾಡಿದ್ದು ಖರೇ?"

"ಖರೇರಿ."

"ಹಂಗಾರ ತಪ್ಪು ತಮ್ಮದಂತ ಅವರು ಬರದು ಕೊಡ್ಲಿ."

ಕನ್ನಡ ಅಷ್ಟಾಗಿ ಬಾರದ ಒಬ್ಬ ಮರಾಠಿ ಪಂಚರು ಎಲ್ಲದಕ್ಕೂ "ಬರೋಬರ್" ಎನ್ನುತ್ತಿದ್ದರು. ತೀರ್ಮಾನವನ್ನು ನಾನೇ ಇಂಗ್ಲಿಷಿಗೆ ಇಳಿಸಿ ಐವರ ಸಹಿ ಹಾಕಿಸಿದೆ. ಅಷ್ಟು ದೊಡ್ಡ ವಿದ್ಯಾಪೀಠ ನಮ್ಮ ಮಾತು ಕೇಳೀತೇ ಎಂದು ಅನುಮಾನ ಪಟ್ಟೆ. ಪಂಚರಲ್ಲಿ ಹಿರಿಯರೊಬ್ಬರು ಧೈರ್ಯ ಹೇಳಿದರು.

"ನೀವು ಕಳಸ್ರಿ. ನಾ ಕಾಕತಿಯಾಂವ, ಕತ್ತಿ ಹಿರಿದ ರಾಣಿಯ ತವರೂರಾಂವ. ಇಂಗ್ಲಿಷರ ಕೂಡ ತಕರಾರು ನಮ್ಮೂರಿಗೆ ಹೊಸಾದಲ್ಲ."

ದಪ್ಪ ಕಾಗದ

ಒಂದೂವರೆ ತಿಂಗಳಿಗೆ ಉತ್ತರ ಬಂತು. ರೊಟ್ಟಿಯಷ್ಟು ದಪ್ಪ ಕಾಗದ, ಕೆಂಪು ಮುದ್ರೆ. ಈ ವಿದ್ಯಾರ್ಥಿ ಎರಡು ವರ್ಷ ಚೆನ್ನಾಗಿ ಓದಿದ್ದಾನೆ, ತಪ್ಪು ಅವನದಲ್ಲ, ನಮ್ಮದು, ವಿಶ್ವವಿದ್ಯಾಲಯ ಅವನ ಕ್ಷಮೆ ಕೋರುತ್ತದೆ ಎಂದಿತ್ತು. ಹುಡುಗ ಅದನ್ನು ಎದೆಗೆ ಅವಚಿಕೊಂಡು ಫೌಂಡ್ರಿಗೆ ಹೋದ. ಮಾಲಕರು ಕೇಳಿದ್ದು ಪದವಿ, ಇವನು ಒಯ್ದದ್ದು ಕ್ಷಮಾಪತ್ರ. ನಾನು ಕಿಟಕಿಯಲ್ಲೇ ನಿಂತಿದ್ದೆ.

ಸಂಜೆ ಪೇಢೆ ಹಿಡಿದು ಬಂದ. ಮಾಲಕರು ಎರಡು ಸಲ ಓದಿ ಹೇಳಿದರಂತೆ, "ಹತ್ತು ವರ್ಷದಿಂದ ಇಂಗ್ಲೆಂಡಿಗೆ ಮಾಲು ಕಳಸಾಕತ್ತೇನಿ. ತಪ್ಪು ಅವರದಿದ್ರೂ ನಾನ ಕ್ಷಮಾ ಕೇಳೇನಿ. ನಿನಗ ಶಿಕ್ಕಾ ಹೊಡದು ಅವರೇ ಕೇಳ್ಯಾರಲ್ಲೋ. ನಾಳಿಂದ ಕುರ್ಚಿ ಮ್ಯಾಲ ಕುಂದರು."

ಮಾವ ಆ ಕಾಗದಕ್ಕೆ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದರು. ನನಗೆ ಖುಷಿಯೂ ಆಯಿತು, ಒಂದಿಷ್ಟು ನಾಚಿಕೆಯೂ ಆಯಿತು. ಸುದ್ದಿ ಉದ್ಯಮಬಾಗ ದಾಟಿ ಆಟೋ ನಗರದವರೆಗೆ ಹೋಯಿತು.

ವಾರ ಕಳೆದು ನಾನು ಕೇಂದ್ರದ ಬೋರ್ಡು ಇಳಿಸುತ್ತಿದ್ದೆ. ಆಟೋ ನಗರದ ಗ್ಯಾರೇಜಿನ ಮೇಸ್ತ್ರಿಯೊಬ್ಬ ಗ್ರೀಸಿನ ಕೈ ಒರೆಸಿಕೊಳ್ಳುತ್ತ ಬಂದು, "ಸರ, ನನಗೂ ಇಂಗ್ಲೆಂಡಿನ ಪದವಿಗೆ ಹೆಸರು ಹಚ್ಚಬೇಕಾಗೇತ್ರಿ" ಎಂದ.

"ಅದು ಬಂದ್ ಆಗೇತಪಾ."

"ಗೊತ್ತೈತ್ರಿ ಸರ. ಅದಕ್ಕಂತನ ಬಂದೇನ್ರಿ."