ಬಿಲ್ಲೆ ವಾಪಸ್ ಬಂದಿಲ್ಲ

ನಮ್ಮ ದೂರದರ್ಶಕವನ್ನು ಒಳಗಿಟ್ಟು ಬೀಗ ಜಡಿದಿದ್ದಾರೆ. ಕೊಟ್ಟ ಮಾತು ಮುರಿದು ಜಡಿದಿದ್ದಾರೆ. ಅದು ತಪ್ಪು.

ಆ ದೂರದರ್ಶಕದ ಕನ್ನಡಿಯನ್ನು ಉಜ್ಜಿ ಉಜ್ಜಿ ಮಾಡಿದ್ದು ಮೂರು ರಾಜ್ಯದ ಕೈಗಳು. ಕೆಜಿಎಫ್ ಮತ್ತು ಬಂಗಾರಪೇಟೆಯ ನಾವು, ಆಂಧ್ರದ ಕುಪ್ಪಂನವರು, ತಮಿಳುನಾಡಿನ ಕೃಷ್ಣಗಿರಿಯವರು. ಆಕಾಶಕ್ಕೆ ಗಡಿಕಲ್ಲು ಇಲ್ಲವಲ್ಲ, ಒಟ್ಟಿಗೆ ನೋಡೋಣ, ಕಂಡದ್ದನ್ನು ಸಂಶೋಧನೆ ಮಾಡುವವರಿಗೆ ಒಪ್ಪಿಸೋಣ ಎಂದು ಕೂಟ ಕಟ್ಟಿದೆವು. ಹಿಂದೆ ಆಕಾಶದಿಂದ ಬರುವ ಕಣಗಳನ್ನು ಹಿಡಿಯಲು ವಿಜ್ಞಾನಿಗಳು ನಮ್ಮ ಚಿನ್ನದ ಗಣಿಯ ಆಳಕ್ಕೇ ಇಳಿದಿದ್ದರು. ಮೇಲಿನದನ್ನು ಕೆಳಗೆ ಹುಡುಕಿದ ಊರು ಇದು. ಇಲ್ಲಿ ನಕ್ಷತ್ರದ ಕೆಲಸಕ್ಕೆ ಕೈ ಹಾಕಿದರೆ ನೆಲದಡಿಯಿಂದ ಯಾರೋ ಕಾಲು ಎಳೆದ ಹಾಗೆ ಏನಾದರೊಂದು ಆಗುತ್ತಲೇ ಇರುತ್ತದೆ. ನಗು ಬರುತ್ತದೆ, ಆದರೆ ಬೆನ್ನು ತಣ್ಣಗಾದ ಮೇಲೆ.

ಅಲುಗಾಡಿದ ಚಂದ್ರ

ದೂರದರ್ಶಕವನ್ನು ಮೊದಲ ಸಲ ಹೊರಗಿಟ್ಟದ್ದು ಕೆಜಿಎಫ್‌ನ ಉರಿಗಾಂನಲ್ಲಿ, ಸೈನೈಡ್ ದಿಬ್ಬದ ಬುಡದಲ್ಲಿ. ಗಣಿಯ ಬಿಳಿ ಮಣ್ಣಿನ ಆ ದಿಬ್ಬದ ಮೇಲೆ ಹುಲ್ಲೂ ಸರಿಯಾಗಿ ಹುಟ್ಟುವುದಿಲ್ಲ. ಮುಸ್ಸಂಜೆಯಲ್ಲಿ ಅದು ಹೆಣಕ್ಕೆ ಹೊದಿಸಿದ ಬಟ್ಟೆಯಂತೆ ಕಾಣುತ್ತದೆ. ಕುಪ್ಪಂನ ಮೇಷ್ಟ್ರು ಕಣ್ಣಿಟ್ಟರು. ಇಟ್ಟವರೇ ಕಿರುಚಿದರು.

"ಅಯ್ಯಯ್ಯೋ, ಚಂದ್ರುಡು ಕದುಲ್ತಾ ಉನ್ನಾಡಯ್ಯಾ! ಅಲುಗಾಡ್ತಾ ಅವ್ನೆ!"

ಅಲುಗಾಡಿದ್ದು ಚಂದ್ರ ಅಲ್ಲ, ನೆಲ. ಗಣಿ ಮುಚ್ಚಿದರೂ ಒಳಗಿನ ಟೊಳ್ಳು ಆಗಾಗ ಕುಸಿಯುತ್ತದೆ. ಧಡ್ ಎಂದು ಕೆಳಗಿನಿಂದ ಸದ್ದು ಬಂತು, ಪಕ್ಕದ ಗಣಿ ಕಾರ್ಮಿಕರ ಲೈನ್ ಮನೆಗಳ ಪಾತ್ರೆಗಳೆಲ್ಲ ಗಲಗಲ ಎಂದವು. ಮೇಷ್ಟ್ರು ನನ್ನ ತೋಳು ಹಿಡಿದುಕೊಂಡು, "ಕೆಳಗೆ ಯಾರಿದ್ದಾರೆ?" ಎಂದರು.

ಅಂಥ ಒಂದು ಮನೆಯ ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದ ಅಜ್ಜಿ ತಲೆಯನ್ನೂ ಎತ್ತಲಿಲ್ಲ. "ಯಾರೂ ಇಲ್ಲ ಸಾಮಿ, ನಮ್ಮೋರೇಯ. ಶಿಫ್ಟ್ ಬದಲಾಯಿಸ್ತಾವ್ರೆ."

ಮೇಷ್ಟ್ರು ಆಮೇಲೆ ನೋಡಿದ್ದೆಲ್ಲ ಒಂಟಿ ಕಾಲಿನಲ್ಲಿ ನಿಂತು.

ಕಾಣದ ವಸ್ತು

ನಮ್ಮ ಕೂಟಕ್ಕೆ ಪಾಠ ಹೇಳಲು ಬೆಂಗಳೂರಿನಿಂದ ಡಾರ್ಕ್ ಮ್ಯಾಟರ್ ಹುಡುಕುವ ಒಬ್ಬ ವಿಜ್ಞಾನಿ ಮೇಡಂ ರೈಲಿನಲ್ಲಿ ಬಂದರು. ಬಂಗಾರಪೇಟೆ ಸ್ಟೇಷನ್ನಿನಿಂದ ಕರೆತರಲು ಆಟೋದವನಿಗೆ ಹೇಳಿದ್ದೆ. ದಾರಿಯಲ್ಲಿ ಅವನು, "ಏನು ಕೆಲ್ಸ ಮೇಡಂ ನಿಮ್ದು?" ಎಂದು ಕೇಳಿದ್ದಾನೆ.

ಮೇಡಂ ಸರಳವಾಗಿ ಬಿಡಿಸಿ ಹೇಳಿದ್ದಾರೆ. "ಒಂದು ವಸ್ತು ಇದೆಯಪ್ಪ. ಎಲ್ಲ ಕಡೆ ಇದೆ, ಈ ಆಟೋದಲ್ಲೂ ಇರಬಹುದು. ಕಣ್ಣಿಗೆ ಕಾಣಲ್ಲ, ಮುಟ್ಟಿದರೆ ಸಿಗಲ್ಲ. ಆದರೆ ದೊಡ್ಡ ದೊಡ್ಡದನ್ನೆಲ್ಲ ಹಿಡಿದು ಎಳೀತಾ ಇರುತ್ತೆ. ನಾನು ಅದರ ಹಿಂದೆ ಬಿದ್ದು ವರ್ಷಗಳಾದವು."

ಆಟೋದವನು ಒಮ್ಮೆ ಹಿಂದಿನ ಸೀಟು ನೋಡಿದ. ಗಾಡಿಯನ್ನು ನೇರ ಅಡ್ಡದಾರಿಗೆ ತಿರುಗಿಸಿ, ಒಂದು ಹಳ್ಳಿಯ ಹುಣಸೆಮರದ ಕೆಳಗೆ, ಗಾಳಿ ಬಿಡಿಸುವವನ ಮುಂದೆ ನಿಲ್ಲಿಸಿದ.

ಗಾಳಿ ಬಿಡಿಸುವವನು ಬೇವಿನಸೊಪ್ಪು ಕೈಗೆತ್ತಿಕೊಂಡು, "ಯಾವಾಗಿಂದ ಐತವ್ವಾ ಇದು?" ಎಂದ.

ಮೇಡಂ ಇವನೂ ಕೂಟದವನೇ ಎಂದುಕೊಂಡರು. "ಬ್ರಹ್ಮಾಂಡ ಹುಟ್ಟಿದಾಗಿನಿಂದ."

ಅವನು ಸೊಪ್ಪು ಕೆಳಗಿಟ್ಟ. "ಅಷ್ಟು ಅಳೇದು ನನ್ನ ಕೈಲಿ ಆಗಾಕಿಲ್ಲ ತಾಯಿ. ದೊಡ್ಡಾಸ್ಪತ್ರೆಗೆ ಓಗಿ."

ಖಾಲಿ ಮೊಳೆ

ಕೊನೆಗೆ ಉರಿಗಾಂನಲ್ಲೇ ಒಂದು ಹಳೆಯ ಕಟ್ಟಡದ ಕೋಣೆ ಸಿಕ್ಕಿತು. ಉದ್ಘಾಟನೆಗೆ ಮೂರೂ ಕಡೆಯವರು ಬಂದರು. ಬಾಗಿಲ ಬಳಿ ನಿಂತು ಎಲ್ಲರನ್ನೂ ಒಳಗೆ ಬಿಟ್ಟವನು ನಮ್ಮ ಬಿಲ್ಲೆ ತಾತ. ಗಣಿ ನಡೆಯುವಾಗ ಅವನ ಕೆಲಸವೇ ಅದು. ಇಳಿಯುವವನು ಬೋರ್ಡಿನ ಮೊಳೆಯಿಂದ ತನ್ನ ಹಿತ್ತಾಳೆ ಬಿಲ್ಲೆ ತೆಗೆದುಕೊಂಡು ಹೋಗಬೇಕು, ಮೇಲೆ ಬಂದ ಮೇಲೆ ಮತ್ತೆ ಅಲ್ಲೇ ತೂಗುಹಾಕಬೇಕು. ಮೊಳೆ ಖಾಲಿ ಇದ್ದರೆ ಮನುಷ್ಯ ಇನ್ನೂ ಕೆಳಗಿದ್ದಾನೆ ಎಂದರ್ಥ. ತಾತ ಆ ಹಳೆಯ ಬೋರ್ಡನ್ನೇ ತಂದು ಜಗಲಿಯಲ್ಲಿ ನೇತುಹಾಕಿ, ಬಂದವರಿಗೆಲ್ಲ ಒಂದೊಂದು ಬಿಲ್ಲೆ ಕೊಟ್ಟ.

ಆ ಕಟ್ಟಡದ ಉಸ್ತುವಾರಿಯ ದೊಡ್ಡ ಸಾಹೇಬರೂ ಒಂದು ಬಿಲ್ಲೆ ತಗೊಂಡರು. "ಈ ಕೋಣೆ ನಿಮ್ಮದು, ಕೀಲಿ ನಾಳೆಯೇ ಕಳಿಸ್ತೀನಿ," ಎಂದು ಭಾಷಣ ಮಾಡಿದರು. ಕಾರು ಹತ್ತಿ ಹೋದರು. ಬಿಲ್ಲೆ ಜೇಬಿನಲ್ಲೇ ಹೋಯಿತು.

ಹೊತ್ತು ಮುಳುಗುವಾಗ ನಾವು ದೂರದರ್ಶಕವನ್ನು ಕೋಣೆಯಲ್ಲೇ ಬಿಟ್ಟು, ನಮ್ಮ ಬಿಲ್ಲೆಗಳನ್ನು ಮೊಳೆಗೆ ಹಾಕಿ ಹೊರಟೆವು. ತಾತ ದಾರಿಗೆ ಅಡ್ಡ ನಿಂತ.

"ಒರುತ್ತನ್ ಮೇಲೆ ವರಲೆ. ಒಬ್ಬ ಬಂದಿಲ್ಲ. ಯಾರೂ ಮನೇಗೆ ಓಗಂಗಿಲ್ಲ."

ಮೊದಲು ನಕ್ಕೆವು. ಆಮೇಲೆ ಆ ಖಾಲಿ ಮೊಳೆ ನೋಡಿ ನಗು ನಿಂತಿತು. ಮಬ್ಬಿನಲ್ಲಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು, ಎಲ್ಲರೂ ನಾವೇ ಹೌದೋ ಅಲ್ಲವೋ ಎಂಬಂತೆ. ಕೃಷ್ಣಗಿರಿಯವರೊಬ್ಬರು ತಮ್ಮ ಕೈಯನ್ನು ತಾವೇ ಚಿವುಟಿಕೊಂಡರು. ನಾನು ಸಾಹೇಬರಿಗೆ ಫೋನ್ ಮಾಡಿ ತಾತನ ಕೈಗೆ ಕೊಟ್ಟೆ.

"ನಾನು ಬೆಂಗಳೂರಲ್ಲಿ, ನನ್ನ ಮನೇಲಿ ಕೂತಿದೀನಿ ಕಣಯ್ಯ!" ಎಂದು ಸಾಹೇಬರು ಕೂಗಿದ್ದು ನಮಗೂ ಕೇಳಿಸಿತು.

ತಾತ ಮೆತ್ತಗೆ ಹೇಳಿದ. "ಕೆಳಗೆ ಸಿಕ್ಕಾಕಿಕೊಂಡೋರೆಲ್ಲ ಅಂಗೇ ಅಂದ್ಕೊಂಡಿರ್ತಾರೆ ಸಾರ್. ಮನೇಲಿದೀನಿ ಅಂತ."

ಸಾಹೇಬರು ಫೋನ್ ಕಟ್ ಮಾಡಿದರು. ತಾತ ಖಾಲಿ ಮೊಳೆಯನ್ನೊಮ್ಮೆ ಮುಟ್ಟಿ ನಮ್ಮನ್ನು ಮನೆಗೆ ಬಿಟ್ಟ.

ಮಾರನೆಯ ದಿನ ಕೀಲಿ ಬರಲಿಲ್ಲ, ಸಾಹೇಬರ ಕಡೆಯಿಂದ ಹೊಸ ಬೀಗ ಬಂತು. ಕನ್ನಡಿ ಒಳಗೆ ಧೂಳು ತಿನ್ನುತ್ತಿದೆ. ಅವತ್ತಿನಿಂದ ಸಾಹೇಬರು ನಮ್ಮ ಫೋನ್ ಎತ್ತಿಲ್ಲ. ನಾನು ಸಿಟ್ಟಿನಿಂದ ಬೈದಾಗ ತಾತ ತಡೆಯುತ್ತಾನೆ. "ಪಾಪ, ಬಯ್ಬೇಡ ಕಣ್ಲಾ. ಅಷ್ಟು ಆಳದಾಗೆ ಸಿಗ್ನಲ್ ಎಲ್ಲಿ ಸಿಗ್ತೈತೆ?"

ಬೋರ್ಡು ಇನ್ನೂ ಜಗಲಿಯಲ್ಲೇ ಇದೆ, ಒಂದು ಮೊಳೆ ಖಾಲಿ. ಓದಿ ನಕ್ಕಿರಿ ತಾನೆ? ಹಾಗಾದರೆ ಏಳಿ. ಬರುವ ಅಮಾವಾಸ್ಯೆಯ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಆ ಬೀಗದ ಮುಂದೆ ಬನ್ನಿ. ತಾತನ ಕೈಯಿಂದ ಒಂದು ಬಿಲ್ಲೆ ತಗೊಳ್ಳಿ. ಬಾಗಿಲು ತೆಗೆಯುವವರೆಗೆ ಅದನ್ನು ಮೊಳೆಗೆ ಹಾಕಬೇಡಿ.