ಎಲೆಯಡಿಕೆ ಜಗಿಯುವ ಸಿಂಹದ ಕುರಿತು, ನಾಣ್ಯದ ಯಂತ್ರಕ್ಕೆ

ಅರಂತೋಡು,
ನವೆಂಬರ್ ೧೯೬೨

ಟಂಕಸಾಲೆಯಲ್ಲಿ ನಾಣ್ಯ ಅಚ್ಚೊತ್ತುವ ಮಾನ್ಯ ಯಂತ್ರ ಮಹಾಶಯರ ಸನ್ನಿಧಾನಕ್ಕೆ, ತಮ್ಮನ್ನು ಎಂದೂ ಕಾಣದಿದ್ದರೂ ತಮ್ಮ ಮಕ್ಕಳನ್ನು ದಿನವೂ ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ತಿರುಗುವ ಗೃಹಿಣಿಯೊಬ್ಬಳ ಅನಂತ ನಮಸ್ಕಾರಗಳು.

ಮಾನ್ಯರೇ, ತಾವು ಹೊತ್ತುಗೊತ್ತಿಲ್ಲದೆ ದುಡಿಯುವವರು; ಒಮ್ಮೆ ತೂಕಡಿಸಿದರೆ ತಪ್ಪೆನ್ನಲಾರೆ. ಅಂಥ ಗಳಿಗೆಯಲ್ಲಿ ತಾವು ಒತ್ತಿದ ಚೌಕದ ಐದು ನಯಾಪೈಸೆಯೊಂದು ನನ್ನ ಕೈಸೇರಿತು. ಅದರ ಬಲಗಡೆಯ ಸಿಂಹದ ದವಡೆ ಎಲೆಯಡಿಕೆ ಒತ್ತರಿಸಿಕೊಂಡಂತೆ ಉಬ್ಬಿತ್ತು, ಹಿಂಬದಿಯ ಐದಂಕಿಗೆ ಇನ್ನೊಂದು ಐದು ನೆರಳಿನಂತೆ ಅಂಟಿಕೊಂಡಿತ್ತು, ಒಂದು ಮೂಲೆ ಇಲಿ ಕಚ್ಚಿದ ಹಾಗೆ ತುಸು ಕಡಿಮೆಯಿತ್ತು. ಬೇರೆಯವರಾದರೆ ಖೋಟಾ ಎಂದು ಎಸೆಯುತ್ತಿದ್ದರು. ನನಗೆ ಅದರ ಮೋರೆ ನೋಡಿದಾಗಲೆಲ್ಲ ನಗು ಬರುತ್ತಿತ್ತು, ಹಾಗಾಗಿ ಇಟ್ಟುಕೊಂಡಿದ್ದೆ.

ಕಳೆದ ಮಳೆಗಾಲದಲ್ಲಿ ನಮ್ಮ ಯಜಮಾನರು (ಹೆಸರು ಹೇಳುವ ರೂಢಿ ನಮ್ಮಲ್ಲಿಲ್ಲ, ಊರಿಗೆಲ್ಲ ಗೊತ್ತಿದೆ) ಕೋಣ ಕೊಳ್ಳಲೆಂದು ಉಪ್ಪಿನಂಗಡಿಗೆ ಹೋದವರು ನೆರೆಯಲ್ಲಿ ಸಿಕ್ಕಿಬಿದ್ದು ಸುದ್ದಿಯೇ ಇಲ್ಲದಾಯಿತು. ನಾನು ಅನ್ನ ಮುಟ್ಟದೆ ಕುಳಿತು, ಅವರು ಜೀವಸಹಿತ ಬಂದರೆ ನನ್ನ ಪ್ರೀತಿಯ ಈ ಪೈಸೆಯನ್ನೇ ಉಪ್ಪಿನಂಗಡಿಯ ನದಿ ಸಂಗಮದ ನೀರಿಗೆ ಒಪ್ಪಿಸುತ್ತೇನೆಂದು ಹರಕೆ ಹೇಳಿಕೊಂಡೆ. ಬಂದರು. ಮುಂದಿನ ಸಲ ಅತ್ತ ಹೊರಟಾಗ ಪೈಸೆಯನ್ನು ಅವರ ಕೈಗೇ ಕೊಟ್ಟೆ. ಮೊಣಕಾಲುದ್ದ ನೀರಿಗಿಳಿದು ಕೈಮುಗಿದು ಹಾಕಿದೆನೆಂದು, ಪಂಚೆ ಒದ್ದೆಯಾದ ವಿವರದ ಸಮೇತ ಹೇಳಿದರು.

ಕೆಲವು ದಿನ ಕಳೆದು ಮನೆಬಾಗಿಲಿಗೆ ಮೀನು ತರುವ ಪೋಕರ್ ಕೊಟ್ಟ ಚಿಲ್ಲರೆಯಲ್ಲಿ ತಮ್ಮ ಸಿಂಹ ಎಲೆಯಡಿಕೆ ಜಗಿಯುತ್ತ ನನ್ನನ್ನೇ ನೋಡುತ್ತಿತ್ತು. "ಮೀನು ನುಂಗಿರ್ಬೇಕು ಮಾರಾಯ್ತಿ" ಎಂದರು ಯಜಮಾನರು. ಅಂದು ತಂದದ್ದು ಬೂತಾಯಿ. ಕಡಲ ಮೀನು, ನನ್ನ ಬೆರಳಿಗಿಂತ ತುಸು ಉದ್ದ. ಪೋಕರ್ ಪಾಪ, "ಸುಳ್ಯದ ಬಸ್‌ಸ್ಟ್ಯಾಂಡಿನ ಚಾದಂಗಡಿಯಲ್ಲಿ ಸಿಕ್ಕಿದ್ದು ಅಕ್ಕ, ನಡೆಯುದಿಲ್ಲಾದ್ರೆ ಬೇರೆ ಕೊಡ್ತೇನೆ" ಎಂದ. ಅಂದರೆ ಅವರದೇ ಜೀವಕ್ಕೆಂದು ನಾನು ಹೊತ್ತ ಹರಕೆಯನ್ನು ಅವರು ಸುಳ್ಯ ದಾಟುವ ಮೊದಲೇ ಚಹಾ ಮಾಡಿ ಕುಡಿದಿದ್ದರು. ನನಗೆ ಬಹಳ ನೋವಾಯಿತು. "ಯಂತ್ರ ಅಲ್ವಾ, ಅಂಥದ್ದು ಸಾವಿರ ಒತ್ತಿರ್ತದೆ" ಎಂದು ಈಗ ತಪ್ಪನ್ನೆಲ್ಲ ತಮ್ಮ ತಲೆಗೆ ಕಟ್ಟಿದ್ದಾರೆ.

ಆದ್ದರಿಂದ ಮಹಾಶಯರು ಅಂಥದ್ದು ಇನ್ನೊಂದು ಒತ್ತಿಲ್ಲವೆಂದು, ಎಣ್ಣೆ ಹತ್ತಿದ ಕೈಯಿಂದಲೇ ಒಂದು ಸಾಲು ಬರೆದು ಮೊಹರು ಹಾಕಿ ಕಳುಹಿಸಬೇಕು. ಹಾಗೆಯೇ ಇನ್ನು ಮುಂದೆ ದಿನವೂ ಊಟದ ಮೇಲೆ ತಪ್ಪದೆ ತೂಕಡಿಸಿ, ಒಂದು ಸಿಂಹಕ್ಕೆ ಮೆಳ್ಳೆಗಣ್ಣು, ಇನ್ನೊಂದಕ್ಕೆ ಹಲ್ಲುನೋವು ದಯಪಾಲಿಸಿ, ಅವನ್ನೆಲ್ಲ ಅರಂತೋಡಿಗೇ ರವಾನಿಸಬೇಕು. ತಪ್ಪಿಲ್ಲದ ನಾಣ್ಯ ಎಲ್ಲಿ ಹೋಯಿತು, ಎಲ್ಲಿಂದ ಬಂತು ಎಂದು ಹೆಂಗಸರಿಗೆ ತಿಳಿಯುವುದೇ ಇಲ್ಲ. ಸಾಧ್ಯವಿದ್ದರೆ ಹರಕೆಯ ಪೈಸೆ ಚಹಾದಂಗಡಿಯ ಗಲ್ಲಾಪೆಟ್ಟಿಗೆಗೆ ಬಿದ್ದೊಡನೆ ಸಿಂಹ ಒಮ್ಮೆ ಗರ್ಜಿಸುವ ಏರ್ಪಾಡೂ ಆಗಲಿ.

ತಮ್ಮ ತೂಕಡಿಕೆ ಚಿರಾಯುವಾಗಲೆಂದು ಹಾರೈಸುವ,
ತಮ್ಮ ವಿಶ್ವಾಸಿ,
ಕಮಲಾವತಿ

ತಾ.ಕ.: ಪೈಸೆಯನ್ನು ನಾನೇ ಸಂಗಮಕ್ಕೆ ಹಾಕಿ ಬಂದೆನೆಂದು ಯಜಮಾನರಿಗೆ ಹೇಳಿದ್ದೇನೆ, ಸೆರಗು ಒದ್ದೆಯಾದ ವಿವರವನ್ನೂ ಬಿಟ್ಟಿಲ್ಲ. ನಿಜಕ್ಕೆ ಅದು ಅರಸಿನದ ಡಬ್ಬಿಯಲ್ಲಿದೆ, ನದಿಯ ಹತ್ತಿರ ಒಂದು ವಾರದ ವಾಯಿದೆ ಕೇಳಿಕೊಂಡಿದ್ದೇನೆ. ನಾಳೆ ಪೋಕರ್ ಬೂತಾಯಿ ತರುತ್ತಾನೆ. ಯಜಮಾನರ ಬಟ್ಟಲಿನಲ್ಲಿ, ಮೀನಿನ ಸಾರಿನ ತಳಕ್ಕೆ, ತಮ್ಮ ಸಿಂಹವನ್ನು ಕೂರಿಸುವವಳಿದ್ದೇನೆ. ಮೀನು ನುಂಗುತ್ತದೆಂದು ಹೇಳಿದವರು ಅವರೇ ಅಲ್ಲವೇ.